ಬೇಸ್ ಗಿಟಾರ್, ಮದ್ರಾಸಿನ ಸೆಕೆ ಮತ್ತು ನಮ್ಮ ಶನಿವಾರದ ಬ್ಯಾಂಡ್

ನಾನು ಚೆನ್ನೈನಲ್ಲಿ ಕೆಲಸ ಮಾಡೋ ಸಾಫ್ಟ್‌ವೇರ್ ಎಂಜಿನಿಯರ್. ಊರು ಶಿವಮೊಗ್ಗ, ಎಂ.ಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ, ಓಎಂಆರ್ ರಸ್ತೆಗೆ ಬಂದು ಸೇರಿ ಒಂಬತ್ತು ವರ್ಷ ಆಯ್ತು. ಇಲ್ಲಿ ನನಗಿಂತ ಮೊದಲು ಮಾತಾಡಿದವರು ಹೂಡಿಕೆ, ಮಕ್ಕಳಿಗೆ ಕನ್ನಡ ಕಲಿಸೋದು, ಇಂಥ ಉಪಯೋಗಕ್ಕೆ ಬರೋ ವಿಷಯಗಳನ್ನೇ ತಗೊಂಡಿದ್ರು. ನಾನು ತಂದಿರೋದು ನಾಲ್ಕು ತಂತಿಯ, ನಾಲ್ಕು ಕೆಜಿ ತೂಕದ ಈ ವಾದ್ಯ. ಬೇಸ್ ಗಿಟಾರ್.

ಇಂಗ್ಲಿಷ್‌ನಲ್ಲಿ ಮಂದ್ರಸ್ವರದ ಬೇಸ್‌ಗೂ ತಳಪಾಯದ ಬೇಸ್‌ಗೂ ಸ್ಪೆಲಿಂಗ್ ಬೇರೆ. ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ. ಈ ವಾದ್ಯದ ಮಟ್ಟಿಗೆ ಕನ್ನಡದ ಸ್ಪೆಲಿಂಗೇ ಸರಿ ಅಂತ ನನ್ನ ಅಭಿಪ್ರಾಯ.

ಒಂದು ವಿನಂತಿ. ಫೋನಿನ ಸ್ಪೀಕರ್‌ನಲ್ಲಿ ಕೇಳ್ತಾ ಇರೋರು ದಯವಿಟ್ಟು ಹೆಡ್‌ಫೋನ್ ಹಾಕ್ಕೊಳ್ಳಿ. ಇದರ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಫೋನಿನ ಪುಟಾಣಿ ಸ್ಪೀಕರ್‌ಗೆ ಆ 41 ಹರ್ಟ್ಸ್ ಹೊರಡಿಸೋ ಶಕ್ತಿ ಇಲ್ಲ. ಅದು ಹೊರಡಿಸೋದು 82, 123, 164 ಹೀಗೆ ಮೇಲಿನ ಉಪಸ್ವರಗಳಲ್ಲಿ ಕೈಗೆ ಸಿಕ್ಕಷ್ಟನ್ನ. ಅವುಗಳ ನಡುವಿನ ಅಂತರ ನೋಡಿ ಕೆಳಗೊಂದು 41 ಇರಲೇಬೇಕು ಅಂತ ನಿಮ್ಮ ಮಿದುಳು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತೆ. ಅಂದ್ರೆ ಇಷ್ಟು ವರ್ಷ ಫೋನಲ್ಲಿ ನೀವು ಕೇಳಿದ ಬೇಸ್‌ನಲ್ಲಿ ಅರ್ಧ ನಿಮ್ಮದೇ ತಯಾರಿಕೆ.

(ತಗ್ಗಿನ ತಂತಿ ನುಡಿಸಿ ತೋರಿಸುತ್ತಾರೆ)

ಈಗ, ಬೇಸ್ ಏನು ಮಾಡುತ್ತೆ? ಜನ ತಾಳಕ್ಕೆ ಇರುತ್ತೆ, ಧುಮ್ ಧುಮ್ ಅನ್ನೋದು ಅದೇ ಅಂತಾರೆ. ಅದು ಅರ್ಧ ಸತ್ಯ. ನಾನು ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಮುಗಿಸಿದವಳು. ಅಲ್ಲಿ ತಂಬೂರಿ ಒಂದು ಷಡ್ಜ ಹಿಡಿದು ಕೂತ್ರೆ ಕಛೇರಿ ಮುಗಿಯೋವರೆಗೂ ಕದಲೋದಿಲ್ಲ. ನೆಲ ಗಟ್ಟಿ, ಅದರ ಮೇಲೆ ರಾಗ ಓಡಾಡುತ್ತೆ. ಸಿನಿಮಾ ಹಾಡಿನಲ್ಲಿ ಹಾಗಲ್ಲ. ಅಲ್ಲಿ ನೆಲವೇ ಓಡಾಡುತ್ತೆ, ಓಡಾಡಿಸೋದು ಬೇಸ್.

ಮಾಡಿ ತೋರಿಸ್ತೀನಿ. ನಾನು ಒಂದೇ ಸ್ವರ ಹಾಡ್ತೀನಿ, ಸಿ ಶ್ರುತಿಯ ಷಡ್ಜ. ಅದನ್ನ ಬದಲಾಯಿಸೋದೇ ಇಲ್ಲ. ಕೆಳಗೆ ಬೇಸ್‌ನಲ್ಲಿ ಸಿ ಹಿಡಿದಾಗ ಮನೆಗೆ ಬಂದು ಕೂತ ಹಾಗೆ. ಈಗ ಬೇಸ್ ಎ ಗೆ ಇಳಿಯುತ್ತೆ. ಅದೇ ಗಂಟಲು, ಅದೇ ಸ್ವರ, ಆದ್ರೆ ಕೆಳಗಿನಿಂದ ನೋಡಿದ್ರೆ ಅದೀಗ ಸಾಧಾರಣ ಗಾಂಧಾರ. ಒಂದು ಚೂರು ದುಃಖ ಬಂತಲ್ಲ? ಈಗ ಎಫ್. ನನ್ನ ಷಡ್ಜ ಪಂಚಮ ಆಯ್ತು. ಈಗ ಎ ಫ್ಲ್ಯಾಟ್. ಅಂತರ ಗಾಂಧಾರ.

(ಹಾಡುತ್ತಾ ನುಡಿಸಿ ತೋರಿಸುತ್ತಾರೆ)

ಸಂಗೀತ ಕಲಿತವರಿಗೆ ಗ್ರಹಭೇದ ನೆನಪಾಗಬಹುದು. ಪೂರ್ತಿ ಅದಲ್ಲ, ಆದ್ರೆ ಅದರ ದೂರದ ನೆಂಟ. ಹಾಡುವವರು ಅಳೋದು ಬೇಡ, ಸ್ವರ ಬದಲಾಯಿಸೋದೂ ಬೇಡ. ಕೆಳಗೆ ಒಬ್ಬರು ಬೆರಳು ಸರಿಸಿದ್ರೆ ಹಾಡಿನ ಮುಖವೇ ಬೇರೆ ಆಗುತ್ತೆ. ನನಗೆ ಇದು ಗೊತ್ತಾಗಿದ್ದು 31ನೇ ವಯಸ್ಸಲ್ಲಿ. ಮೂವತ್ತೊಂದು ವರ್ಷ ಹಾಡು ಕೇಳಿದ್ದೀನಿ, ಈ ಕೆಲಸ ಮಾಡ್ತಿರೋರು ಒಬ್ಬರಿದ್ದಾರೆ ಅಂತಲೇ ಗೊತ್ತಿರಲಿಲ್ಲ!

ವಾದ್ಯ ಕೈಗೆ ಬಂದ ಕತೆ ಚಿಕ್ಕದು. ನಮ್ಮ ಟೀಮಿನ ಒಬ್ಬ ಹುಡುಗ ಆನ್‌ಸೈಟ್ ಅಂತ ಜರ್ಮನಿಗೆ ಹೊರಟ. ಫ್ರಿಜ್, ಗ್ಯಾಸ್ ಒಲೆ, ಸೋಫಾ ಎಲ್ಲದರ ಪಟ್ಟಿಯನ್ನ ಆಫೀಸ್ ಗ್ರೂಪಿಗೆ ಹಾಕಿದ. ಕೊನೇ ಸಾಲಲ್ಲಿ ಯಮಹಾ ಟಿಆರ್‌ಬಿಎಕ್ಸ್ 174 ಬೇಸ್, ಒಂಬತ್ತು ಸಾವಿರ. ನಾನು ಗ್ಯಾಸ್ ಒಲೆ ನೋಡೋಕೆ ಹೋಗಿ ಎರಡನ್ನೂ ತಂದೆ. ಅಮ್ಮ ಫೋನಲ್ಲಿ, "ವೀಣೆನೇ ತಗೋಬಹುದಿತ್ತಲ್ಲೇ, ಅದಕ್ಕೂ ಇಪ್ಪತ್ನಾಲ್ಕು ಮೆಟ್ಟಿಲು ಇರುತ್ತೆ," ಅಂದ್ರು. ತಮಾಷೆ ಅಂದ್ರೆ ಇದಕ್ಕೂ ಇಪ್ಪತ್ನಾಲ್ಕೇ.

ಮೆಟ್ಟಿಲಿನ ಮಾತು ಬಂತಲ್ಲ, ಒಂದು ಇತಿಹಾಸ. 1951ರವರೆಗೆ ಬೇಸ್ ಅಂದ್ರೆ ಮುಖ್ಯವಾಗಿ ಆಳೆತ್ತರದ ಡಬಲ್ ಬೇಸ್, ನಿಂತು ನುಡಿಸಬೇಕು. ಮೆಟ್ಟಿಲಿಲ್ಲ, ಸ್ವರಸ್ಥಾನವನ್ನ ಕಿವಿಯಿಂದಲೇ ಹುಡುಕಬೇಕು. ಡ್ರಮ್ಸ್, ಟ್ರಂಪೆಟ್ ಜೋರಾದ್ರೆ ಅದರ ದನಿ ಮುಳುಗಿಹೋಗ್ತಿತ್ತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅನ್ನೋ ರೇಡಿಯೋ ರಿಪೇರಿ ಮಾಡ್ತಿದ್ದ ಮನುಷ್ಯ ಮೆಟ್ಟಿಲು ಇರೋ, ಹೆಗಲಿಗೆ ನೇತುಹಾಕ್ಕೊಳ್ಳೋ ಎಲೆಕ್ಟ್ರಿಕ್ ಬೇಸ್ ಮಾರುಕಟ್ಟೆಗೆ ತಂದ. ಹೆಸರು ಪ್ರಿಸಿಷನ್ ಬೇಸ್. ಮೆಟ್ಟಿಲಿನ ಹಿಂದೆ ಒತ್ತಿದ್ರೆ ಸ್ವರ ನಿಖರ, ಅದಕ್ಕೇ ಆ ಹೆಸರು. ಫೆಂಡರ್‌ಗೆ ಸ್ವತಃ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಬಳಸದೇ ಇರೋ ಪ್ರಾಡಕ್ಟನ್ನ ಕಟ್ಟೋದರಲ್ಲಿ ನಾವೇ ಮೊದಲಲ್ಲ.

ಚೆನ್ನೈನಲ್ಲಿ ಈ ವಾದ್ಯ ಸಾಕೋದು ಬೇರೆಯೇ ಕಷ್ಟ. ಸೆಕೆ, ಬೆವರು, ಸಮುದ್ರದ ಗಾಳಿ. ಪುಣೆ, ದೆಹಲಿಯವರು ಕೇಳಿ ಹೊಟ್ಟೆ ತಣ್ಣಗೆ ಮಾಡ್ಕೊಳ್ಳಿ. ಬಟ್ಟೆಯಲ್ಲಿ ಒರೆಸದೆ ಎರಡು ದಿನ ಬಿಟ್ರೆ ತಂತಿ ಒರಟಾಗುತ್ತೆ, ಎರಡು ತಿಂಗಳಲ್ಲಿ ತುಕ್ಕು. ಅದಕ್ಕಿಂತ ಹೆಚ್ಚಾಗಿ ಮರದ ಕುತ್ತಿಗೆ. ಜೂನ್‌ನಲ್ಲಿ ಒಂದು ಥರ ಬಾಗಿರುತ್ತೆ, ನವೆಂಬರ್ ಮಳೆಯಲ್ಲಿ ಇನ್ನೊಂದು ಥರ. ಒಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇದೆ, ಟ್ರಸ್ ರಾಡ್. ಆಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ನೋಡಬೇಕು. ಅವಸರ ನಡೆಯಲ್ಲ. ಪ್ರೊಡಕ್ಷನ್ ಸರ್ವರ್ ಕಾನ್ಫಿಗ್ ಮುಟ್ಟೋ ಶಿಸ್ತು ಇದ್ದವರಿಗೆ ಇದು ಬೇಗ ಬರುತ್ತೆ.

ಗುರುಗಳ ಬಗ್ಗೆ ಹೇಳಬೇಕು. ಯೂಟ್ಯೂಬ್‌ನಲ್ಲೇ ಕಲಿಯಬಹುದು, ಎಷ್ಟೋ ಜನ ಕಲಿತಿದ್ದಾರೆ. ನಾನು ಪೆರಂಬೂರಿನ ಒಬ್ಬ ಮೇಷ್ಟ್ರ ಹತ್ತಿರ ಹೋದೆ. ಎಪ್ಪತ್ತರ ಹತ್ತಿರದವರು, ಚರ್ಚು, ಮದುವೆ ಆರ್ಕೆಸ್ಟ್ರಾ ಅಂತ ನಲವತ್ತು ವರ್ಷ ನುಡಿಸಿದವರು. ಮೊದಲ ತಿಂಗಳು ಅವರು ಕಲಿಸಿದ್ದು ಒಂದು ಸ್ವರ. ನಿಜವಾಗಿ ಒಂದೇ. ಮೆಟ್ರೋನೋಮ್ ಇಟ್ಟು, ಹೊಡೆತ ಬಿದ್ದಾಗ ತಂತಿ ಮೀಟಬೇಕು. ಅವರು ಕಣ್ಣಲ್ಲಿ ಸೂಚಿಸಿದ ಕಡೆ ಅದನ್ನ ನಿಲ್ಲಿಸಬೇಕು. ಕಾಲು ಎಣಿಕೆಗೆ ನಿಲ್ಸು, ಅರ್ಧಕ್ಕೆ ನಿಲ್ಸು, ಮುಂದಿನ ಹೊಡೆತಕ್ಕೆ ಒಂದು ಕೂದಲೆಳೆ ಮುಂಚೆ ನಿಲ್ಸು. ಸ್ವರ ಅದೇ, ಉದ್ದ ಮಾತ್ರ ಬೇರೆ, ಆದ್ರೆ ಪ್ರತಿ ಸಲವೂ ಅದು ಬೇರೆ ಹಾಡಿನ ಹಾಗೆ ಕೇಳ್ತಿತ್ತು. ಬೇಸ್‌ನಲ್ಲಿ ಎರಡೂ ಕೈಗೆ ಅರ್ಧ ಕೆಲಸ ತಂತಿ ಮೀಟೋದು, ಇನ್ನರ್ಧ ಬೇಡದ ತಂತಿಗಳ ಬಾಯಿ ಮುಚ್ಚಿಸೋದು ಅಂತ ಆಗಲೇ ಗೊತ್ತಾಗಿದ್ದು.

ಎರಡನೇ ತಿಂಗಳು ಮೆಟ್ರೋನೋಮನ್ನೇ ಕಡಿಮೆ ಮಾಡ್ತಾ ಬಂದ್ರು. ನಿಮಿಷಕ್ಕೆ 120 ಇದ್ದದ್ದು 60, ಅಂದ್ರೆ ಒಂದು ಬಿಟ್ಟು ಒಂದು ಹೊಡೆತ. ಆಮೇಲೆ 30, ನಾಲ್ಕಕ್ಕೆ ಒಂದೇ. ನಡುವಿನ ಮೂರನ್ನ ನಾನೇ ನಡೆಸಬೇಕು. ಕಾಲಪ್ರಮಾಣ ಅನ್ನೋ ಪದ ನಮ್ಮ ಪಾಠದಲ್ಲೂ ಇತ್ತು, ಆದ್ರೆ ಅಲ್ಲಿ ಕೈಯಲ್ಲಿ ತಾಳ ಹಾಕ್ತಿದ್ದೆ. ಇಲ್ಲಿ ಎರಡು ಕೈಗೂ ಪುರುಸೊತ್ತಿಲ್ಲ, ಹಾಗಾಗಿ ತಾಳ ಕಾಲಿಗೆ ಇಳಿಯಬೇಕಾಯ್ತು. ಇಪ್ಪತ್ತು ವರ್ಷ ತೊಡೆ ಮೇಲೆ ಬೀಳ್ತಿದ್ದ ತಾಳ ಹಿಮ್ಮಡಿಗೆ ಬರೋಕೆ ಸುಮಾರು ಆರು ತಿಂಗಳು ತಗೊಳ್ತು.

ಕೈ ಚಿಕ್ಕದಿರೋರಿಗೆ ಒಂದು ಮಾತು, ಅದರಲ್ಲೂ ಹೆಣ್ಣುಮಕ್ಕಳು ಇದನ್ನೇ ಕೇಳ್ತಾರೆ. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಅಂಗುಲ. ಪ್ರತಿ ಮೆಟ್ಟಿಲಿಗೂ ಉಳಿದ ಉದ್ದ 2ರ ಹನ್ನೆರಡನೇ ಮೂಲದ ಅನುಪಾತದಲ್ಲಿ ಕಡಿಮೆಯಾಗುತ್ತೆ. ಲೆಕ್ಕ ಹಾಕಿದ್ರೆ ಮೊದಲ ಮೆಟ್ಟಿಲಿಂದ ನಾಲ್ಕನೇದಕ್ಕೆ ಸುಮಾರು 13 ಸೆಂಟಿಮೀಟರ್. ಪುಸ್ತಕಗಳು ಬೆರಳಿಗೊಂದು ಮೆಟ್ಟಿಲು ಅಂತ ಹೇಳಿಬಿಡುತ್ವೆ. ದಿನವಿಡೀ ಕೀಬೋರ್ಡ್ ಕುಟ್ಟಿ ಬಂದ ಮಣಿಕಟ್ಟಿನ ಮೇಲೆ ಈ ಸಾಹಸ ಬೇಡ. ಮೇಷ್ಟ್ರು ಹೇಳಿಕೊಟ್ಟಿದ್ದು ಹಳೇ ಡಬಲ್ ಬೇಸ್‌ನವರ ಪದ್ಧತಿ: ತೋರುಬೆರಳು, ನಡುಬೆರಳು, ಮತ್ತೆ ಉಂಗುರ-ಕಿರುಬೆರಳು ಎರಡೂ ಜೊತೆಯಾಗಿ. ಮೂರೇ ಮೆಟ್ಟಿಲು, 9 ಸೆಂಟಿಮೀಟರ್ ಸಾಕು, ಉಳಿದದ್ದಕ್ಕೆ ಇಡೀ ಕೈ ಜಾರಿಸಬೇಕು. ಮಣಿಕಟ್ಟು ನೇರ ಇರುತ್ತೆ. ನೋವು ಬಂದ್ರೆ ಆವತ್ತಿಗೆ ನಿಲ್ಲಿಸಿ. ಈ ಕೈಯಿಂದಲೇ ಇಎಂಐ ಕಟ್ಟಬೇಕು.

ಈಗ ಕೇಳೋದರ ವಿಷಯ. ನುಡಿಸೋಕೆ ಶುರು ಮಾಡಿದ ಮೇಲೆ ಹಾಡುಗಳನ್ನ ಕೆಳಗಿನಿಂದ ಕೇಳೋ ಚಟ ಹತ್ತಿತು. ಕೇಳ್ತಾ ಹೋದ ಹಾಗೆ ಒಂದು ಪ್ರಶ್ನೆ: ಇದನ್ನ ನುಡಿಸಿದ್ದು ಯಾರು? ಅಮೆರಿಕದ ಮೋಟೌನ್ ಕಂಪನಿಯ 60ರ ದಶಕದ ಹಿಟ್‌ಗಳ ಲೆಕ್ಕವಿಲ್ಲದಷ್ಟು ಬೇಸ್ ಒಬ್ಬನೇ ಮನುಷ್ಯನದು, ಜೇಮ್ಸ್ ಜಾಮರ್‌ಸನ್. ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸ್ತಿದ್ದ, ಆ ಬೆರಳಿಗೆ ಹುಕ್ ಅಂತಲೇ ಹೆಸರು. ಆ ರೆಕಾರ್ಡುಗಳ ಮೇಲೆ ವಾದ್ಯಗಾರರ ಹೆಸರು ಹಾಕ್ತಿರಲಿಲ್ಲ. ಅವನ ಹೆಸರು ಮೋಟೌನ್ ಆಲ್ಬಂ ಮೇಲೆ ಬಂದಿದ್ದು 1971ರಲ್ಲಿ, ಮಾರ್ವಿನ್ ಗೇ ಆಲ್ಬಂನಲ್ಲಿ. ಅಷ್ಟು ಹೊತ್ತಿಗೆ ಪ್ರಪಂಚ ಹತ್ತು ವರ್ಷ ಅವನ ಬೆರಳಿಗೆ ಕುಣಿದಿತ್ತು. ಇನ್ನೊಬ್ಬರು ಕ್ಯಾರಲ್ ಕೇ. ಜಾಝ್ ಗಿಟಾರ್ ನುಡಿಸ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್‌ನವನು ಬರಲಿಲ್ಲ ಅಂತ ಅವರ ಕೈಗೆ ಬೇಸ್ ಬಂತು, ಆಮೇಲೆ ಅವರು ಅದನ್ನ ಬಿಡಲೇ ಇಲ್ಲ. ನಮ್ಮ ದೇಶದಲ್ಲಿ ಈಗ ಮುಂಬೈನ ಮೋಹಿನಿ ಡೇ ಇದ್ದಾರೆ. ಅವರ ವೇಗ ನೋಡಿದ್ರೆ ವಾದ್ಯ ಮಾರಿಬಿಡೋಣ ಅನ್ಸುತ್ತೆ, ಹಾಗಾಗಿ ನಾನು ತಿಂಗಳಿಗೊಮ್ಮೆ ಮಾತ್ರ ನೋಡ್ತೀನಿ.

ಆದ್ರೆ ನನಗೆ ಹೆಚ್ಚು ತಟ್ಟಿದ್ದು ಮದ್ರಾಸಿನ ಕತೆ. ನಾವೆಲ್ಲ ಕೆಲಸಕ್ಕೆ ಅಂತ ಈ ಊರಿಗೆ ಬಂದವರು. ನಮಗಿಂತ ಬಹಳ ಮುಂಚೆ ಕನ್ನಡ ಸಿನಿಮಾನೇ ಕೆಲಸಕ್ಕೆ ಅಂತ ಇಲ್ಲಿ ಇತ್ತು. ಒಂದು ಕಾಲಕ್ಕೆ ನಮ್ಮ ಹಾಡುಗಳ ರೆಕಾರ್ಡಿಂಗ್ ಹೆಚ್ಚಾಗಿ ನಡೀತಿದ್ದದ್ದು ಇಲ್ಲೇ. ಇಳಯರಾಜ ಅವರ ಕನ್ನಡ ಕೆಲಸ ತಗೊಳ್ಳಿ. ಶಂಕರ್‌ನಾಗ್ ಅವರ 'ಗೀತಾ' 1981, ಮಣಿರತ್ನಂ ಅವರ ಮೊದಲ ಸಿನಿಮಾ 'ಪಲ್ಲವಿ ಅನುಪಲ್ಲವಿ' 1983. ಕಾರಿನಲ್ಲಿ, ಮದುವೆ ಮನೆಯಲ್ಲಿ ನೂರಾರು ಸಲ ಕೇಳಿದ ಹಾಡುಗಳು. ಈಗ ಹೆಡ್‌ಫೋನ್ ಹಾಕ್ಕೊಂಡು 'ನಗುವ ನಯನ' ಹಾಡಿನಲ್ಲಿ ಎಸ್‌ಪಿಬಿ, ಜಾನಕಿಯವರ ದನಿಯನ್ನ ಒಂದು ಸಲ ಪಕ್ಕಕ್ಕಿಟ್ಟು ಕೆಳಗೆ ಕಿವಿ ಕೊಡಿ. ಬೇಸ್ ಅಲ್ಲಿ ಬರೀ ಆಧಾರ ಹಿಡಿದು ಕೂತಿಲ್ಲ. ಅದು ತನ್ನದೇ ಇನ್ನೊಂದು ರಾಗ ಹಾಡ್ತಾ ಇದೆ, ದನಿ ನಿಂತಾಗ ನಡೆಯುತ್ತೆ, ದನಿ ನಡೆದಾಗ ಜಾಗ ಬಿಡುತ್ತೆ. ನಾನು ಒಂದು ತಿಂಗಳು ದಿನಾ ರಾತ್ರಿ ವೇಗ ಅರ್ಧ ಮಾಡಿ, ನಾಲ್ಕು ನಾಲ್ಕು ಸೆಕೆಂಡ್ ತುಂಡು ಮಾಡಿ ಬರ್ಕೊಂಡೆ. ನೊಟೇಷನ್ ನಮ್ಮದೇ, ಸರಿಗಮ. ಇಳಯರಾಜ ಅವರ ಅನೇಕ ಹಾಡುಗಳಿಗೆ ಬೇಸ್ ನುಡಿಸಿದವರು ಶಶಿಧರನ್ ಅಂತ ಆಮೇಲೆ ತಿಳೀತು. ನಮ್ಮ ಮನೆಯಲ್ಲಿದ್ದ ಕ್ಯಾಸೆಟ್ ಕವರುಗಳ ಮೇಲೆ ನೋಡಿದ ನೆನಪೇ ಇಲ್ಲದ ಹೆಸರು.

ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ನಮ್ಮ ಬ್ಯಾಂಡ್. ಬ್ಯಾಂಡ್ ಅಂದ್ರೆ ದೊಡ್ಡ ಮಾತಾಯ್ತು. ಶನಿವಾರ ಸಂಜೆ ಸೇರೋ ನಾಲ್ಕು ಜನ ಕನ್ನಡದವರು. ಕೀಬೋರ್ಡ್‌ಗೆ ಹಾಸನದ ಒಬ್ಬ ಟೆಸ್ಟಿಂಗ್ ಮ್ಯಾನೇಜರ್. ತಾಳಕ್ಕೆ ಧಾರವಾಡದ ಹುಡುಗ, ಅಪಾರ್ಟ್‌ಮೆಂಟ್‌ನಲ್ಲಿ ಡ್ರಮ್ಸ್ ಇಡೋ ಹಾಗಿಲ್ಲ ಅಂತ ಕಹೋನ್ ತಂದಿದ್ದಾನೆ, ಮೇಲೆ ಕೂತು ಕೈಯಲ್ಲಿ ಬಡಿಯೋ ಮರದ ಪೆಟ್ಟಿಗೆ ಅದು. ಹಾಡೋಕೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಆಂಟಿ, ಮೈಸೂರಿನವರು, 68 ವರ್ಷ. ಮೊದಲ ದಿನವೇ ಹೇಳಿದ್ರು, "ನೋಡಮ್ಮ, ನನಗೆ ಮೇಲೆ ಹೋಗೋಕೆ ಆಗಲ್ಲ, ಶ್ರುತಿ ಇಳಿಸ್ಕೊಳ್ಳಿ." ಬೇಸ್‌ನಲ್ಲಿ ಇದು ಬಹಳ ಸುಲಭ, ಇಡೀ ಹಾಡನ್ನ ಎರಡು ಮೆಟ್ಟಿಲು ಎಡಕ್ಕೆ ಸರಿಸಿದ್ರೆ ಆಯ್ತು. ಹಾಸನದವರು ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿ ನಮಗಿಂತ ಸೋಮಾರಿಯಾದ್ರು.

ಮೂರು ವರ್ಷ ನಡೀತು. ಈ ಜೂನ್‌ನಲ್ಲಿ ಎರಡು ಸಂಗತಿ ಒಟ್ಟಿಗೆ ಬಂದ್ವು. ಧಾರವಾಡದ ಹುಡುಗನಿಗೆ ಹೈದರಾಬಾದ್‌ನಲ್ಲಿ ಕೆಲಸ ಆಯ್ತು. ಅದು ನಿಮಗೆಲ್ಲ ಗೊತ್ತಿರೋ ಕತೆ, ನಮ್ಮ ಕ್ರಿಕೆಟ್ ಟೀಮು, ನಾಟಕದ ತಂಡ, ಕೊನೆಗೆ ಮಕ್ಕಳ ಸ್ನೇಹಿತರು, ಎಲ್ಲ ಹೀಗೇ ಎರಡು ಮೂರು ವರ್ಷಕ್ಕೊಮ್ಮೆ ಕರಗ್ತಾರೆ. ಎರಡನೇದು, ನಾವು ನವೆಂಬರ್‌ನಲ್ಲಿ ನುಡಿಸ್ತಿದ್ದ ರಾಜ್ಯೋತ್ಸವದ ಸಮಿತಿಯವರು ಈ ಸಲ ಎಲ್ಲ ಹಾಡೂ ಟ್ರ್ಯಾಕ್ ಮೇಲೆ ಅಂದ್ರು. ಕರೋಕೆ. ಅವರ ಮಾತಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಲೈವ್ ಅಂದ್ರೆ ಸೌಂಡ್ ಚೆಕ್‌ಗೆ ನಲವತ್ತು ನಿಮಿಷ, ನಾಲ್ಕು ಮೈಕ್ ಜಾಸ್ತಿ, ಮೇಕಪ್ ಹಾಕ್ಕೊಂಡ ಮಕ್ಕಳು ಸೈಡಲ್ಲಿ ಕಾಯ್ತಾ ಇರ್ತಾರೆ. ಟ್ರ್ಯಾಕ್‌ನಲ್ಲಿ ಇಡೀ ಆರ್ಕೆಸ್ಟ್ರಾ ಪೆನ್‌ಡ್ರೈವ್‌ನಲ್ಲಿ ಬರುತ್ತೆ, ಅಪಶ್ರುತಿ ಇಲ್ಲ, ಬೇಸ್ ನನಗಿಂತ ಹತ್ತು ಪಟ್ಟು ಚೆನ್ನಾಗಿರುತ್ತೆ. ಇದನ್ನೆಲ್ಲ ಒಪ್ತೀನಿ.

ಆದ್ರೆ ಆಂಟಿ ಟ್ರ್ಯಾಕ್ ಮೇಲೆ ಒಂದು ಭಾವಗೀತೆ ಹಾಡಿ ನೋಡಿದ್ರು, ನಾನು ಪಕ್ಕದಲ್ಲೇ ಇದ್ದೆ. ಅವರಿಗೆ ಎರಡನೇ ಚರಣದ ಮೊದಲು ಒಂದು ಉಸಿರು ಜಾಸ್ತಿ ಬೇಕು. ನಮ್ಮ ಜೊತೆ ಹಾಡುವಾಗ ಅವರ ಭುಜ ಏಳೋದು ಕಾಣುತ್ತೆ, ಕಹೋನ್ ಒಂದು ಆವರ್ತ ಸುಮ್ಮನೆ ತಿರುಗುತ್ತೆ, ನಾನು ಷಡ್ಜ ಹಿಡಿದು ನಿಲ್ತೀನಿ, ಅವರು ಹತ್ತಿಕೊಳ್ತಾರೆ. ಕೇಳೋರಿಗೆ ಅದು ಹಾಡಿನಲ್ಲೇ ಇರೋ ನಿಲುಗಡೆ ಅಂತ ಅನ್ಸುತ್ತೆ. ಟ್ರ್ಯಾಕ್ ನಿಲ್ಲಲಿಲ್ಲ. ಅರ್ಧ ಸಾಲು ಮುಂದೆ ಹೋಯ್ತು, ಅವರು ಪದ ನುಂಗಿ ಓಡಿ ಹಿಡಿದ್ರು. ಕೆಳಗಿಳಿದು, "ನನಗೆ ವಯಸ್ಸಾಯ್ತು ಬಿಡಮ್ಮ, ಈ ಸಲ ಬೇರೆ ಯಾರಾದ್ರೂ ಹಾಡ್ಲಿ," ಅಂದ್ರು. ಹೋದ ನವೆಂಬರ್‌ನಲ್ಲಿ ಇದೇ ಹಾಡಿಗೆ ಜನ ಒನ್ಸ್ ಮೋರ್ ಕೇಳಿದ್ರು.

ಹೈದರಾಬಾದ್ ಹುಡುಗನ ಜೊತೆ ಆನ್‌ಲೈನ್‌ನಲ್ಲಿ ನುಡಿಸೋಣ ಅಂತ ನಾವು ಎಂಜಿನಿಯರ್‌ಗಳ ಹಾಗೇ ಯೋಚನೆ ಮಾಡಿದ್ವಿ. ಲೆಕ್ಕ ನೋಡಿ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ರೂಮಲ್ಲಿ ಮೂರು ಮೀಟರ್ ದೂರ ಕೂತ್ರೆ 9. ನಮ್ಮ ಸೆಟಪ್‌ನಲ್ಲಿ ನೆಟ್‌ವರ್ಕು, ಎರಡೂ ಕಡೆಯ ಆಡಿಯೋ ಬಫರು ಎಲ್ಲ ಸೇರಿ, ಒಂದು ದಿಕ್ಕಿಗೆ 40ರ ಹತ್ತಿರ ಬಂತು. ಹದಿಮೂರು ಮೀಟರ್ ದೂರ ನಿಂತು ನುಡಿಸಿದ ಹಾಗೆ. ಕಡಿಮೆ ಅನ್ಸುತ್ತಲ್ಲ? ಅವನು ನನ್ನ ಸ್ವರಕ್ಕೆ ಕಾಯ್ತಾನೆ, ನಾನು ಅವನ ಹೊಡೆತಕ್ಕೆ ಕಾಯ್ತೀನಿ. ಇಬ್ಬರೂ ಕಾಯ್ತಾ ಕಾಯ್ತಾ 96ರಲ್ಲಿ ಶುರುವಾದ ಹಾಡು 88ಕ್ಕೆ ಇಳೀತು. ಪರಿಹಾರ ಒಂದೇ: ಅವನು ನನ್ನನ್ನ ಕೇಳಿಸ್ಕೊಳ್ಳದೆ ನುಡಿಸ್ಬೇಕು, ನಾನು ಅವನನ್ನ ಹಿಂಬಾಲಿಸ್ಬೇಕು. ಮಾಡಿದ್ವಿ, ತಾಳ ಕಲ್ಲಿನ ಹಾಗೆ ನಿಂತಿತು. ಹತ್ತು ನಿಮಿಷ ಆದ ಮೇಲೆ ಅವನೇ ಅಂದ, "ಅಕ್ಕಾ, ಹಿಂಗಾದ್ರ ನಾನೂ ಒಂದು ಟ್ರ್ಯಾಕ್ ಆದಂಗಾತಲ್ರೀ." ಲ್ಯಾಪ್‌ಟಾಪ್ ಮುಚ್ಚಿದ್ವಿ.

ಸಮಿತಿಯವರ ಹತ್ತಿರ ಮತ್ತೆ ಹೋದೆ. ಲೈವ್ ಸಂಗೀತ ಶ್ರೇಷ್ಠ ಅಂತೆಲ್ಲ ವಾದ ಮಾಡೋಕೆ ಹೋಗಲಿಲ್ಲ. ಮೂರು ಹಾಡು ಕೊಡಿ, ಮಧ್ಯಾಹ್ನವೇ ಬಂದು ಸೌಂಡ್ ಚೆಕ್ ಮುಗಿಸ್ತೀವಿ, ಬೇಸ್ ನೇರ ಮಿಕ್ಸರ್‌ಗೆ ಹಾಕ್ತೀನಿ, ಆಂಪ್ಲಿಫೈಯರ್ ತರಲ್ಲ, ಕಹೋನ್‌ಗೆ ಒಂದು ಮೈಕ್ ಸಾಕು ಅಂದೆ. ಎರಡು ಕೊಟ್ಟಿದ್ದಾರೆ, ಮೂರನೇದು ಟೈಮ್ ನೋಡ್ಕೊಂಡು. ಆಂಟಿ ಇನ್ನೂ ಹೂಂ ಅಂದಿಲ್ಲ. ಭಾನುವಾರ ಅವರ ಮನೆಗೆ ಹೋಗಿ ಬರೀ ಬೇಸ್ ಜೊತೆ ಹಾಡಿಸಿದೆ, ಕೀಬೋರ್ಡ್ ಇಲ್ಲ, ತಾಳವೂ ಇಲ್ಲ. ಎರಡನೇ ಚರಣದ ಹತ್ತಿರ ಬಂದಾಗ ಷಡ್ಜ ಹಿಡಿದು ಕೂತೆ. ಸಾಕಷ್ಟು ಹೊತ್ತು ತಗೊಂಡ್ರು. ಆಮೇಲೆ ಹಾಡಿದ್ರು. ಕಾಫಿ ಕೊಡುವಾಗ, "ನವೆಂಬರ್ ಎಷ್ಟನೇ ತಾರೀಕು ಅಂದೆ?" ಅಂತ ಕೇಳಿದ್ರು. ಅದನ್ನ ಒಪ್ಪಿಗೆ ಅಂತ ಸದ್ಯಕ್ಕೆ ಬರ್ಕೊಂಡಿದ್ದೀನಿ.

ಹುಡುಗ ಹಿಂದಿನ ರಾತ್ರಿ ಚಾರ್‌ಮಿನಾರ್ ಎಕ್ಸ್‌ಪ್ರೆಸ್ ಹತ್ತಿ ಬರ್ತಾನೆ, ಒಂದೇ ಪ್ರಾಕ್ಟೀಸ್ ಸಿಗುತ್ತೆ. ಮುಂದಿನ ವರ್ಷದ್ದು ಗೊತ್ತಿಲ್ಲ. ಇದನ್ನ ನೋಡ್ತಿರೋರಲ್ಲಿ ಚೆನ್ನೈನಲ್ಲಿರೋ, ತಾಳ ಗೊತ್ತಿರೋ ಕನ್ನಡದವರು ಯಾರಾದ್ರೂ ಇದ್ರೆ ಚಾನೆಲ್‌ನವರಿಗೆ ತಿಳಿಸಿ, ನನಗೆ ತಲುಪಿಸ್ತಾರೆ. ಮೃದಂಗ, ತಬಲಾ, ಚೆಂಡೆ ಏನು ಬಂದ್ರೂ ನಡೆಯುತ್ತೆ. ಶನಿವಾರ ಸಂಜೆ ಐದು ಗಂಟೆಗೆ, ಪಳ್ಳಿಕರಣೈ ಹತ್ತಿರ. ಕಹೋನ್ ನಮ್ಮ ಹತ್ತಿರಾನೇ ಇದೆ, ಅವನು ಹೈದರಾಬಾದ್‌ಗೆ ಹೋಗುವಾಗ ಬಿಟ್ಟು ಹೋಗಿದ್ದಾನೆ.